ಕಾಂಗ್ರೆಸ್ ರೇಡಿಯೊ

ಎರಡನೆಯ ಮಹಾಯುದ್ಧ ಕಾಲದ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮುಂಬಯಿಯಿಂದ ಕೆಲಸ ಮಾಡಿದ ಭೂಗತ ಬಾನುಲಿ ಕೇಂದ್ರ. ಅಹಿಂಸಾತ್ಮಕ ಪ್ರತಿರೋಧದ ಒಂದು ರೂಪ. 1942ರ ಆಗಸ್ಟ್ 9ರಂದು ಕಾಂಗ್ರೆಸ್ ನಾಯಕರ ಬಂಧನವಾಗಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಿಗಿಯಾದಾಗ ಉಷಾ ಮೆಹ್ತಾ ಮತ್ತು ಸಂಗಡಿಗರು ಇದನ್ನು ಸ್ಥಾಪಿಸಿದರು. ಆಗಸ್ಟ್ 27ರಂದು 42.34 ಮೀಟರ್ ತರಂಗಾಂತರದಲ್ಲಿ ಪ್ರಸಾರ ಆರಂಭವಾಯಿತು. ರಾಮಮನೋಹರ ಲೋಹಿಯಾ ಮಾರ್ಗದರ್ಶನ ನೀಡಿದರು. ಷಿಕಾಗೊ ರೇಡಿಯೊ ಎಂಬ ಕಂಪನಿಯ ನಾನಕ್ ಮೋಟ್ವಾನಿ ಉಪಕರಣ ಒದಗಿಸಿದರು.

ಪೊಲೀಸರ ಪತ್ತೆಯಿಂದ ತಪ್ಪಿಸಿಕೊಳ್ಳಲು ಪ್ರೇಷಕವನ್ನು ಚೌಪಾಟಿಯ ಮನೆಯಿಂದ ಆರಂಭಿಸಿ ಬಿಡಾರದಿಂದ ಬಿಡಾರಕ್ಕೆ ಸಾಗಿಸಲಾಗುತ್ತಿತ್ತು. ಆಷ್ಟಿ ಮತ್ತು ಚಿಮೂರ್ ಊರುಗಳಲ್ಲಿ ನಡೆದ ದೌರ್ಜನ್ಯ, ಜಮ್‌ಶೆಡ್‌ಪುರದ ಮುಷ್ಕರದಂಥ, ಸೆನ್ಸಾರ್ ತಡೆದ ಸುದ್ದಿಗಳನ್ನು ಬಿತ್ತರಿಸಲಾಯಿತು. ಪ್ರತಿ ಪ್ರಸಾರದ ಕೊನೆಗೆ ವಂದೇ ಮಾತರಂ ಧ್ವನಿಮುದ್ರಿಕೆ ಹಾಕುವುದು ರೂಢಿಯಾಗಿತ್ತು. ನವೆಂಬರ್ 12ರಂದು ಪೊಲೀಸರು ಕೇಂದ್ರವನ್ನು ವಶಪಡಿಸಿಕೊಂಡರು. ನಾಲ್ಕು ವರ್ಷಗಳ ಸೆರೆಮನೆ ಶಿಕ್ಷೆಗೆ ಗುರಿಯಾದ ಉಷಾ ಮೆಹ್ತಾ 1946ರಲ್ಲಿ ಬಿಡುಗಡೆಯಾದರು. 1998ರಲ್ಲಿ ಪದ್ಮವಿಭೂಷಣ ಪಡೆದರು.