ಕೊನೆಯ ಗಳಿಗೆಯ ಹಂಚಿಕೆ

ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರುಗಳನ್ನು ಜಾಲದಲ್ಲಿ ಕೂಡಿಸಿ ವಿಜ್ಞಾನಿಗಳಿಗೆ ಒದಗಿಸುವ ಗ್ರಿಡ್ ಕಲ್ಪನೆಗೆ 1990ರ ದಶಕದಲ್ಲಿ ಇಯಾನ್ ಫಾಸ್ಟರ್ ಮತ್ತು ಕಾರ್ಲ್ ಕೆಸೆಲ್‌ಮನ್ ರೂಪ ಕೊಟ್ಟರು. ಯಾರ ಲೆಕ್ಕ ಎಲ್ಲಿ ಓಡಬೇಕು ಎಂಬ ಪ್ರಶ್ನೆ ಮಾತ್ರ ಅದಕ್ಕಿಂತ ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಿರಾನ್ ಲಿವ್ನಿ ಮತ್ತು ಸಂಗಡಿಗರು 1980ರ ದಶಕದಲ್ಲೇ ಕಟ್ಟಿದ ಕಾಂಡೋರ್, ಸುಮ್ಮನೆ ಕೂತ ಕಂಪ್ಯೂಟರುಗಳನ್ನು ಹುಡುಕಿ ಕೆಲಸ ಕೊಡುತ್ತಿತ್ತು. ಮಾಲೀಕ ಮರಳಿ ಬಂದರೆ ಅಲ್ಲಿಯವರೆಗಿನ ಸ್ಥಿತಿಯನ್ನು ಉಳಿಸಿಕೊಂಡು ಜಾಗ ಬಿಡುತ್ತಿತ್ತು. ಯಂತ್ರ ಇನ್ನೊಬ್ಬರದು, ಯಾವಾಗ ಬೇಕಾದರೂ ಕೈತಪ್ಪಬಹುದು ಎಂಬ ಈ ಎಚ್ಚರವನ್ನು ಮುಂದಿನ ಸಿದ್ಧಾಂತಿಗಳು ಕೆಲಕಾಲ ಮರೆತಂತೆ ಕಾಣುತ್ತದೆ.

2001ರಲ್ಲಿ ಬ್ರೌನ್ ಮತ್ತು ಸಹಲೇಖಕರು ಹನ್ನೊಂದು ಹಂಚಿಕೆ ವಿಧಾನಗಳನ್ನು ಹೋಲಿಸಿದರು. ಹಲವು ಹಂಚಿಕೆಗಳನ್ನು ಬೆರೆಸಿ ಸುಧಾರಿಸುತ್ತ ಹೋಗುವ ‘ಜೆನೆಟಿಕ್ ಅಲ್ಗಾರಿದಮ್’ ಮೊದಲ ಸ್ಥಾನ ಪಡೆಯಿತು. ಬೇಗ ಮುಗಿಯುವ ಕೆಲಸವನ್ನು ಮೊದಲು ಕೊಡುವ ಸರಳ ‘ಮಿನ್-ಮಿನ್’ ಅದರ ಬೆನ್ನಿಗೇ ನಿಂತಿತು. ಆದರೆ ಯಾವ ಕೆಲಸಕ್ಕೆ ಯಾವ ಯಂತ್ರದಲ್ಲಿ ಎಷ್ಟು ಹೊತ್ತು ಬೇಕೆಂಬ ಅಂದಾಜಿನ ಕೋಷ್ಟಕ ಮೊದಲೇ ಕೈಯಲ್ಲಿದೆ ಎಂಬುದು ಆ ಹೋಲಿಕೆಯ ಆಧಾರ. ನಿಜವಾದ ಗ್ರಿಡ್‌ನಲ್ಲಿ ಆ ಕೋಷ್ಟಕ ಸಿಗುವುದಿಲ್ಲ. ಪ್ರತಿ ಕೇಂದ್ರಕ್ಕೂ ತನ್ನದೇ ಸರದಿ, ತನ್ನದೇ ಆದ್ಯತೆ. ‘ಇಲ್ಲಿ ಜಾಗವಿದೆ’ ಎಂಬ ಸುದ್ದಿ ತಲುಪುವಷ್ಟರಲ್ಲಿ ಅದು ಹಳಸಿರುತ್ತದೆ. ಅದನ್ನೇ ನಂಬಿ ಎಲ್ಲರೂ ಅತ್ತ ಕೆಲಸ ತಳ್ಳಿದರೆ ಖಾಲಿಯಿದ್ದ ಕೇಂದ್ರವೇ ಉಸಿರುಗಟ್ಟುತ್ತದೆ. ಕೊರತೆಯಿದ್ದದ್ದು ಸೂತ್ರದಲ್ಲಲ್ಲ, ತೀರಾ ಮೊದಲೇ ನಿರ್ಧರಿಸುವ ಅಭ್ಯಾಸದಲ್ಲಿ.

ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಕಣವೇಗವರ್ಧಕ ಎಲ್‌ಎಚ್‌ಸಿಯ ಪ್ರಯೋಗಗಳು ಈ ಅಭ್ಯಾಸವನ್ನು ಬಿಟ್ಟವು. ಎಲ್‌ಎಚ್‌ಸಿಬಿ ಪ್ರಯೋಗದ ಹಂಚಿಕೆ ವ್ಯವಸ್ಥೆ ಡಿರಾಕ್, ಅಟ್ಲಾಸ್ ಪ್ರಯೋಗಕ್ಕಾಗಿ 2005ರಲ್ಲಿ ಶುರುವಾದ ಪಾಂಡಾ ಎರಡೂ ಮೊದಲು ಕಳಿಸುವುದು ಲೆಕ್ಕವನ್ನಲ್ಲ, ‘ಪೈಲಟ್’ ಎಂಬ ಖಾಲಿ ಪ್ರೋಗ್ರಾಮನ್ನು. ಅದು ಯಂತ್ರದಲ್ಲಿ ಜಾಗ ಹಿಡಿದು, ಡಿಸ್ಕ್, ಮೆಮೊರಿ ನೋಡಿಕೊಂಡು, ಆಮೇಲೆ ಪ್ರಯೋಗದ ಒಟ್ಟು ಸರದಿಯಿಂದ ಕೆಲಸ ಕೇಳುತ್ತದೆ. ಯಂತ್ರ ಕೆಟ್ಟಿದ್ದರೆ ಸಾಯುವುದು ಪೈಲಟ್ ಮಾತ್ರ. ಇದಕ್ಕೆ ಬಂದ ಆಕ್ಷೇಪಗಳು ಹಗುರವಲ್ಲ: ಕೆಲಸವಿಲ್ಲದ ಪೈಲಟ್ ಜಾಗ ತಿನ್ನುತ್ತದೆ, ಒಳಗೆ ಯಾರ ಪ್ರೋಗ್ರಾಮ್ ಓಡುತ್ತಿದೆಯೆಂದು ಕೇಂದ್ರದ ನಿರ್ವಾಹಕರಿಗೆ ತಿಳಿಯದು. ಕೆಲಸ ಸಿಗದ ಪೈಲಟ್ ತಾನೇ ನಿರ್ಗಮಿಸುವುದರಿಂದ ಮೊದಲನೆಯ ನಷ್ಟಕ್ಕೆ ಮಿತಿಯಿದೆ. ಎರಡನೆಯದಕ್ಕೆ, ಪ್ರತಿ ಕೆಲಸವನ್ನು ಬೇರೆಯಾಗಿ ಕೂಡಿಡುವ ಕಂಟೇನರ್‌ಗಳು ಕೊಟ್ಟಿರುವುದು ಅರೆ ಉತ್ತರ. ನಿರ್ವಾಹಕರ ಅಸಮಾಧಾನಕ್ಕೆ ಕಾರಣವಿದೆ. ದತ್ತಾಂಶದ ವಿಷಯದಲ್ಲೂ ನಿರ್ಧಾರವನ್ನು ಕೊನೆಯ ಗಳಿಗೆಯವರೆಗೆ ತಡೆದಿಡುವುದಕ್ಕೆ ಮಿತಿಯುಂಟು: ಭಾರಿ ಕಡತಗಳು ಎಲ್ಲಿವೆಯೋ ಅತ್ತ ಕೆಲಸವನ್ನು ವಾಲಿಸಲೇಬೇಕು.

ಪೈಲಟ್‌ಗಳಿಗಿಂತ ಬೆಲೆಯೇ ಒಳ್ಳೆಯ ಮಧ್ಯವರ್ತಿಯಲ್ಲವೇ? ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಿದ ರಾಜಕುಮಾರ್ ಬುಯ್ಯಾ ಆಸ್ಟ್ರೇಲಿಯಾದಲ್ಲಿ ಡೇವಿಡ್ ಅಬ್ರಾಮ್ಸನ್ ಜೊತೆ ರೂಪಿಸಿದ ನಿಮ್ರಾಡ್-ಜಿ, ಗಡುವು ಮತ್ತು ಹಣದ ಮಿತಿ ನೋಡಿ ಯಂತ್ರ ಆರಿಸುತ್ತಿತ್ತು. ಬಾಡಿಗೆಯ ಕ್ಲೌಡ್‌ನಲ್ಲಿ ಆ ಯೋಚನೆಗೆ ನೆಲೆ ಸಿಕ್ಕಿತು. ಎಲ್‌ಎಚ್‌ಸಿ ಗ್ರಿಡ್‌ನಲ್ಲಿ ಸಿಗಲಿಲ್ಲ. ಅಲ್ಲಿ ಸರ್ಕಾರದ ದುಡ್ಡಿನಿಂದ ನಡೆಯುವ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಸಿಎಮ್‌ಎಸ್ ಪ್ರಯೋಗಕ್ಕೂ, ಕೋಲ್ಕತ್ತದ ಸಂಶೋಧನಾ ಕೇಂದ್ರ ವಿಇಸಿಸಿ ಆಲಿಸ್‌ಗೂ ಕಂಪ್ಯೂಟರ್ ಸಾಮರ್ಥ್ಯ ಕೊಡುವುದು ಬೆಲೆಗಲ್ಲ, ವಾರ್ಷಿಕ ವಾಗ್ದಾನದ ಲೆಕ್ಕದಲ್ಲಿ. ಆ ಲೆಕ್ಕದ ಅಳತೆಗೋಲು 2023ರಲ್ಲಿ ಹೆಪ್‌ಸ್ಪೆಕ್06ರಿಂದ ಹೆಪ್‌ಸ್ಕೋರ್23ಕ್ಕೆ ಬದಲಾಯಿತು. ಅದೂ ಸಿಪಿಯುಗಳಿಗೆಂದು ಮಾಡಿದ ಅಳತೆ. ಜಿಪಿಯು ಕೊಡುವ ಕೇಂದ್ರದ ಪಾಲನ್ನು ಎಷ್ಟೆಂದು ಬರೆದುಕೊಳ್ಳಬೇಕು ಎಂಬುದನ್ನು ಕೆಲಸ ಹಂಚುವ ಯಾವ ಶೆಡ್ಯೂಲರೂ ಹೇಳಲಾರದು, ಸದಸ್ಯ ದೇಶಗಳೇ ಕೂತು ಒಪ್ಪಬೇಕು.