ಷಿಯಾನ್‌ನ ಇಟ್ಟಿಗೆ ಗೋಪುರ

ಚೀನಾದ ಷಿಯಾನ್‌ನಲ್ಲಿ ಓದುವ ಹೊರದೇಶದ ವಿದ್ಯಾರ್ಥಿಗಳು ಭಾನುವಾರ ಬಂತೆಂದರೆ ಹಳೆಯ ಕೋಟೆಗೋಡೆಯ ಮೇಲೆ ಸೈಕಲ್ ತುಳಿಯುತ್ತಾರೆ. ಒಂದು ಸುತ್ತಿಗೆ ಸುಮಾರು 14 ಕಿ.ಮೀ. ಆದರೆ ಕನ್ನಡಿಗರು ಮೊದಲು ನೋಡಬೇಕಾದದ್ದು ಕೋಟೆಯ ದಕ್ಷಿಣಕ್ಕಿರುವ ಕಾಡುಬಾತಿನ ಗೋಪುರವನ್ನು. ಅದರ ಹಿಂದೆಯೂ ಹೊರದೇಶಕ್ಕೆ ಹೋದ ವಿದ್ಯಾರ್ಥಿಯೊಬ್ಬನಿದ್ದಾನೆ. ಅಪ್ಪಣೆಯಿಲ್ಲದೆ ದೇಶ ಬಿಟ್ಟು ನಳಂದಾದಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್, ಕ್ರಿ.ಶ. 645ರಲ್ಲಿ 657 ಗ್ರಂಥಗಳೊಡನೆ ಮರಳಿದ. ಅವು ಬೆಂಕಿಗೆ ತುತ್ತಾಗಬಾರದೆಂದು ಕಲ್ಲಿನ ಗೋಪುರ ಕೇಳಿದ. ಚಕ್ರವರ್ತಿ ಒಪ್ಪಿದ್ದು ಇಟ್ಟಿಗೆಗೆ. 652ರಲ್ಲಿ ಕೆಲಸ ಶುರುವಾದಾಗ, ಐವತ್ತರ ಆಸುಪಾಸಿನ ಆ ಭಿಕ್ಷು ತಾನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನಂತೆ. ಪಾಪ, ಅರ್ಧ ಶತಮಾನದಲ್ಲೇ ಅದು ಶಿಥಿಲವಾಯಿತು. ಈಗಿರುವ 64 ಮೀಟರ್ ಎತ್ತರದ ಗೋಪುರ ಸಾಮ್ರಾಜ್ಞಿ ವೂ ಮತ್ತೆ ಕಟ್ಟಿಸಿ, ಆಮೇಲಿನವರು ದುರಸ್ತಿ ಮಾಡಿಸಿದ್ದು. ನಮ್ಮ ಇಮ್ಮಡಿ ಪುಲಕೇಶಿ ಹರ್ಷನಿಗೆ ಮಣಿಯಲಿಲ್ಲವೆಂದು ಬರೆದಿಟ್ಟವನೂ ಇದೇ ಭಿಕ್ಷು. ಆ ಬರಹ ಸಿದ್ಧವಾದದ್ದು ಇದೇ ಊರಿನಲ್ಲಿ, 646ರಲ್ಲಿ.