ಅಸ್ತಮಯವಿಲ್ಲದ ಹಗಲಿನಲ್ಲಿ ಗ್ರಹದರ್ಶನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಮದುವೆಯ ಮಾತು ನಡೆಯುವಾಗ ಹಿರಿಯರು ಪಂಚಾಂಗವನ್ನು ತೆಗೆಯಿಸಿ, ಗುರು ಶುಕ್ರರಿಗೆ ಮೌಢ್ಯವುಂಟೆ ಎಂದು ಕೇಳುವುದುಂಟು. ಇದ್ದರೆ ಲಗ್ನವು ಮುಂದಕ್ಕೆ ಹೋಗುತ್ತದೆ. ಗ್ರಹವು ಸೂರ್ಯನ ಸಮೀಪಕ್ಕೆ ಬಂದು ಅವನ ಬೆಳಕಿನಲ್ಲಿ ಕಾಣದೆ ಹೋಗುವ ಕಾಲವೇ ಮೌಢ್ಯ.

ಇದನ್ನು ನಿರ್ಣಯಿಸಲು ಸೂರ್ಯಸಿದ್ಧಾಂತವು ಕಾಲಾಂಶವೆಂಬ ಅಳತೆಯನ್ನು ಕೊಟ್ಟಿದೆ: ಶುಕ್ರನಿಗೆ 10, ವಕ್ರಗತಿಯಲ್ಲಿ 8, ಗುರುವಿಗೆ 11, ಶನಿಗೆ 15, ಕುಜನಿಗೆ 17. ಒಂದು ಕಾಲಾಂಶವು 4 ನಿಮಿಷಕ್ಕೆ ಸಮ. ಎಂದರೆ, ಶುಕ್ರನು ಕಾಣಬೇಕಾದರೆ ಸೂರ್ಯನಿಗಿಂತ 40 ನಿಮಿಷವಾದರೂ ತಡವಾಗಿ ಮುಳುಗಬೇಕು, ಇಲ್ಲವೆ ಅಷ್ಟು ಮುಂಚಿತವಾಗಿ ಹುಟ್ಟಬೇಕು. ಕುಜನಿಗೆ 68 ನಿಮಿಷ ಬೇಕು.

ಈ ನಿಯಮವು ಸೂರ್ಯನು ದಿನವೂ ಮುಳುಗುವನೆಂಬುದನ್ನು ಆಧರಿಸಿದೆ. ಹೊನ್ನಾಳಿಯು ಸುಮಾರು 14ನೆಯ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿನ ಅತಿ ದೀರ್ಘವಾದ ಹಗಲೂ ಸುಮಾರು 13 ಗಂಟೆ ಮಾತ್ರ. ಭಾರತವು 2008ರಲ್ಲಿ ಉತ್ತರಧ್ರುವ ಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಸ್ಥಾಪಿಸಿದ ಹಿಮಾದ್ರಿ ಕೇಂದ್ರವಾದರೋ ಸುಮಾರು 79ನೆಯ ಅಕ್ಷಾಂಶದಲ್ಲಿದೆ. ಅಲ್ಲಿ ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯ ಭಾಗದವರೆಗೆ ಸೂರ್ಯನು ಮುಳುಗುವುದೇ ಇಲ್ಲ. ಜೂನ್ 21ರ ನಡುರಾತ್ರಿಯಲ್ಲಿಯೂ ಅವನು ದಿಗಂತದಿಂದ ಸುಮಾರು 12 ಅಂಶ ಮೇಲಿರುವನು. ಅವನ ನೆರೆಯಲ್ಲಿಯೇ ಸಂಚರಿಸುವ ಶುಕ್ರನೂ ಆ ದಿನಗಳಲ್ಲಿ ಮುಳುಗದೆ ಸುತ್ತುವನು. ಎರಡು ಅಸ್ತಗಳ ನಡುವಣ ನಿಮಿಷಗಳನ್ನು ಎಣಿಸೋಣವೆಂದರೆ ಅಸ್ತವೇ ಇಲ್ಲ!

ಹಾಗಾದರೆ ಅಲ್ಲಿ ಗ್ರಹಗಳು ಕಾಣುವುದೇ ಇಲ್ಲವೆ? 1716ರ ಬೇಸಿಗೆಯಲ್ಲಿ ಲಂಡನ್ನಿನ ಜನರು ಹಲವು ದಿನ ಶುಕ್ರನನ್ನು ಹಗಲಿನಲ್ಲಿಯೇ ಕಂಡರು. ಎಡ್ಮಂಡ್ ಹ್ಯಾಲಿಯು ಇದಕ್ಕೆ ಕಾರಣವನ್ನು ಗಣಿಸಿ ತೋರಿಸಿದನು. ಶುಕ್ರನು ಅತ್ಯಂತ ಪ್ರಕಾಶಮಾನನಾಗುವುದು ಪೂರ್ಣಬಿಂಬನಾಗಿರುವಾಗಲ್ಲ. ಭೂಮಿಗೆ ಹತ್ತಿರವಾಗಿ, ಸೂರ್ಯನಿಂದ ಸುಮಾರು 40 ಅಂಶ ದೂರದಲ್ಲಿ, ಬಾಲಚಂದ್ರನ ಆಕಾರದಲ್ಲಿರುವಾಗ. ಅಂಥ ದಿನಗಳಲ್ಲಿ ಧ್ರುವದ ಹಗಲಿನಲ್ಲಿಯೂ, ಆಕಾಶವು ತಿಳಿಯಾಗಿದ್ದರೆ, ಸೂರ್ಯನನ್ನು ಗೋಡೆಯ ಮರೆಮಾಡಿ ಶುಕ್ರನ ಸ್ಥಾನವನ್ನು ಬಲ್ಲವರು ಬರಿಗಣ್ಣಿನಿಂದಲೇ ಅವನನ್ನು ಕಾಣಬಹುದು. ಗುರುವು ಸೂರ್ಯನು ದಿಗಂತದ ಬಳಿಗೆ ಇಳಿದಾಗ ಕಷ್ಟದಿಂದ ಕಂಡಾನು. ಉಳಿದವಕ್ಕೆ ದೂರದರ್ಶಕವು ಬೇಕು.

ಗ್ರಹವನ್ನು ಮುಚ್ಚುವುದು ಬೆಳಗಿದ ವಾಯುಮಂಡಲವೇ. 1980ನೆಯ ಫೆಬ್ರವರಿ 16ರ ಅಪರಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯಿಂದ ರಾಯಚೂರಿನತ್ತ ಹಾದುಹೋದಾಗ ಆ ಬೆಳಕಿನ ತೆರೆಯು ಕೆಲವು ನಿಮಿಷ ಸರಿಯಿತು. ಶುಕ್ರನು ಹಗಲಿನಲ್ಲಿಯೇ ಹೊಳೆದನು.

ಆದುದರಿಂದ ಸಿದ್ಧಾಂತಕಾರರ ಸಂಖ್ಯೆಗಳನ್ನು ತಪ್ಪೆನ್ನಲಾಗದು. ಅವು ದಿನವೂ ಸಂಜೆ ಕವಿಯುವ ದೇಶದಲ್ಲಿ, ಕಣ್ಣಿಗೆ ಕಂಡದ್ದಕ್ಕಾಗಿ ಏರ್ಪಟ್ಟವು. ಹೊನ್ನಾಳಿಯ ಪಂಚಾಂಗವನ್ನು ಹಿಮಾದ್ರಿಗೆ ಕೊಂಡೊಯ್ದವನು ಅಲ್ಲಿನ ಬೇಸಿಗೆಯಲ್ಲಿ ಮೌಢ್ಯವು ಮುಗಿಯಿತೆಂಬುದನ್ನು ಪುಟದಲ್ಲಿ ಓದಬಹುದೇ ಹೊರತು, ಸಂಜೆಯ ಆಕಾಶವನ್ನು ನೋಡಿ ಹೇಳಲಾರನು.